ಅಜ್ಜಿಯ ‘ಮ್ಮ’: ರಬ್ಬರ್ ಕೆತ್ತಿ ಗ್ರೀಟಿಂಗ್ ಕಾರ್ಡ್ ಮಾಡೋದು ಹೇಗೆ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತೀನಿ, ಓದ್ತೀನಿ, ಬರೆಯೋಕೆ ಕೂತರೆ ಮಾತ್ರ ಒತ್ತಕ್ಷರದಲ್ಲಿ ಕೈ ನಡುಗುತ್ತೆ. ಹಾಗಾಗಿ ಈ ಲೇಖನದಲ್ಲಿ ತಪ್ಪು ಸಿಕ್ಕರೆ ಕ್ಲಬ್ಬಿನವರನ್ನ ಬೈಯಬೇಡಿ. ಅದೂ ಅಲ್ಲದೆ, ಈ ಲೇಖನ ಹುಟ್ಟಿದ್ದೇ ಒಂದು ಕಾಗುಣಿತದ ತಪ್ಪಿನಿಂದ.

ನಮ್ಮ ಅಜ್ಜಿ ಊರು ನನ್ನಿವಾಳ. ಚಳ್ಳಕೆರೆ ತಾಲ್ಲೂಕು. ಮ್ಯಾಸನಾಯಕರ ಕಟ್ಟೆಮನೆ, ದೇವರ ಎತ್ತು ಅಂತೆಲ್ಲ ಓದಿದವರಿಗೆ ಹೆಸರು ಗೊತ್ತಿರಬಹುದು. ಉಳಿದವರಿಗೆ ಹೇಳೋದಾದ್ರೆ ಶೇಂಗಾ ಹೊಲ, ಜಾಲಿ, ಬಿಸಿಲು. ಅಜ್ಜಿ ಶಾಲೆಗೆ ಹೋದವಳಲ್ಲ. ಸಾಕ್ಷರತಾ ಆಂದೋಲನದ ಕಾಲದಲ್ಲಿ ರಾತ್ರಿ ಶಾಲೆಗೆ ಹೋಗಿ ತನ್ನ ಹೆಸರು ಬರೆಯೋದು ಕಲಿತಳು. ಅಷ್ಟೇ. ಅವಳಿಗೆ ಗೊತ್ತಿರೋ ಅಕ್ಷರ ಅಂದ್ರೆ ಅವಳ ಹೆಸರಿನ ಅಕ್ಷರಗಳು ಮಾತ್ರ, ಕೊನೆಗೆ ನಮ್ಮ ಕಡೆಯ ಎಲ್ಲಾ ಹೆಂಗಸರ ಹೆಸರಿನ ಹಾಗೆ ಒಂದು ‘ಮ್ಮ’.

ಫಸ್ಟ್ ಇಯರ್‌ನಲ್ಲಿ ಹಾಸ್ಟೆಲ್‌ನಲ್ಲಿ ಕೂತು ಯುಗಾದಿಗೆ ಅವಳಿಗೊಂದು ಕಾರ್ಡ್ ಮಾಡಿ ಪೋಸ್ಟ್ ಮಾಡಿದೆ. ಡ್ರಾಯಿಂಗ್ ಕ್ಲಾಸಿನ ದೊಡ್ಡ ರಬ್ಬರ್ ಮೇಲೆ ಅವಳ ಹೆಸರು ಕೆತ್ತಿ, ಆಫೀಸಿನಲ್ಲಿ ಇಡ್ತಾರಲ್ಲ ಆ ನೇರಳೆ ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ, ಕಾರ್ಡಿನ ಮೇಲೆ ಒತ್ತಿದ್ದೆ. ವಾರ ಬಿಟ್ಟು ಫೋನ್ ಮಾಡಿದಾಗ ಅಜ್ಜಿ ಅಂದಳು, ‘ಕಾಡು ಬಂತು, ಚೆಂದಾಗೈತೆ. ಆದ್ರೆ ಅದು ನನ್ನ ಹೆಸರಲ್ಲ ಕಣವ್ವ.’

ನಾನು ನಂಬಲಿಲ್ಲ. ಮಾವನ ಮಗನ ಹತ್ರ ಫೋಟೋ ತರಿಸಿ ನೋಡಿದೆ. ಹೌದು, ‘ಮ’ದ ಬಾಲ ಮುರಿದು ಹೋಗಿ ಅದು ‘ವ’ ಆಗಿತ್ತು. ಇಡೀ ಪ್ರಪಂಚದಲ್ಲಿ ನಾಲ್ಕು ಅಕ್ಷರ ಮಾತ್ರ ಗೊತ್ತಿರೋ ಮನುಷ್ಯಳಿಗೆ ಅದರಲ್ಲೇ ಒಂದನ್ನ ತಪ್ಪು ಬರೆದು ಕಳಿಸಿದ್ದೆ.

ಆಮೇಲೆ ನಾನು ಇದನ್ನ ಸರಿಯಾಗಿ ಕಲಿಯೋಕೆ ಶುರು ಮಾಡಿದ್ದು. ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಇದಕ್ಕೆ ಬೇಕಾಗಿರೋದೆಲ್ಲ ಕ್ಯಾಂಪಸ್ ಗೇಟಿನ ಎದುರಿನ ಸ್ಟೇಷನರಿ ಅಂಗಡೀಲೇ ಸಿಗುತ್ತೆ.

ಮೊದಲು ಕಾಗದ. ಅಂಗಡೀಲಿ ‘ದಪ್ಪ ಶೀಟ್ ಕೊಡಿ’ ಅಂದ್ರೆ ಏನೋ ಒಂದು ಕೊಡ್ತಾರೆ, ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋದೇ ಜಿಎಸ್‌ಎಂ. ಜೆರಾಕ್ಸ್ ಹಾಳೆ 70 ಅಥವಾ 75. ಕಾರ್ಡಿಗೆ 250ರಿಂದ 300 ಬೇಕು. ಎ0 ಹಾಳೆ ಅಂದ್ರೆ ಸರಿಯಾಗಿ ಒಂದು ಚದರ ಮೀಟರ್, ಎ4 ಅದರ ಹದಿನಾರನೇ ಒಂದು ಭಾಗ. ಹಾಗಾಗಿ 300 ಜಿಎಸ್‌ಎಂನ ಎ4 ಹಾಳೆ 18.75 ಗ್ರಾಂ. ಅಂಚೆಯಲ್ಲಿ ಕಾಗದದ ಮೊದಲ ದರ 20 ಗ್ರಾಂವರೆಗೆ. ಎ4 ಹಾಳೆಯನ್ನ ಮಡಚಿ ಕವರಿಗೆ ಹಾಕಿದ್ರೆ ಕವರಿನ ತೂಕ ಸೇರಿ 20 ದಾಟುತ್ತೆ. ಎ4ನ ಅರ್ಧ ಮಾಡಿ, ಆ ಎ5 ಹಾಳೆಯನ್ನ ಮಡಚಿದ್ರೆ 9 ಗ್ರಾಂ ಚಿಲ್ಲರೆ, ಆರಾಮಾಗಿ ಹೋಗುತ್ತೆ. ಫ್ರೆಂಡ್ ಕೈಗೇ ಕೊಡೋದಾದ್ರೆ ಈ ಲೆಕ್ಕ ಬಿಟ್ಟುಬಿಡಿ.

ಮಡಚೋ ಮುಂಚೆ ಸ್ಕೇಲ್ ಇಟ್ಟು, ಇಂಕ್ ಮುಗಿದ ಬಾಲ್ ಪೆನ್ನಿನಿಂದ ಒಂದು ಗೆರೆ ಒತ್ತಿ ಎಳೀರಿ. ಆ ಗೆರೆ ಇಲ್ಲದೆ ಮಡಚಿದ್ರೆ ದಪ್ಪ ಕಾಗದ ಒಡೆದು ಅಂಚು ಹರಕಲಾಗುತ್ತೆ. ಇನ್ನೊಂದು, ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕು ಇರುತ್ತೆ. ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತೋ ಆ ಕಡೆಗೇ ಮಡಚಿ.

ಈಗ ಅಚ್ಚು. ಇದು ಮುಖ್ಯ.

ಬಿಳಿ ವಿನೈಲ್ ರಬ್ಬರ್, ಸಿಕ್ಕಷ್ಟು ದೊಡ್ಡದು ತಗೊಳ್ಳಿ. ಕೆತ್ತೋಕೆ ಪೇಪರ್ ಕಟರ್ ಸಾಕು, ಹೊಸ ಬ್ಲೇಡ್ ಇರಬೇಕು. (ಮೊಂಡು ಬ್ಲೇಡಿಗೆ ಜೋರು ಹಾಕಿದಾಗಲೇ ಕೈ ಕುಯ್ಯೋದು. ನನ್ನ ಎಡಗೈ ಹೆಬ್ಬೆರಳು ಸಾಕ್ಷಿ.) ಅಚ್ಚಿನಲ್ಲಿ ಉಬ್ಬಿರೋ ಭಾಗ ಮಾತ್ರ ಶಾಯಿ ಹಿಡಿಯುತ್ತೆ, ಹಾಗಾಗಿ ಅಕ್ಷರ ಬಿಟ್ಟು ಸುತ್ತಲಿನದನ್ನ ತೆಗೀಬೇಕು. ಮತ್ತೆ ಅಕ್ಷರ ಉಲ್ಟಾ ಇರಬೇಕು. ಎಲೆಕ್ಟ್ರಾನಿಕ್ಸ್‌ನವರಿಗೆ ಪಿಸಿಬಿ ಮಾಡುವಾಗ ಮಿರರ್ ಪ್ರಿಂಟ್ ತೆಗೆದದ್ದು ನೆನಪಿರಬಹುದು, ಅದೇ ಕಥೆ. ಉಲ್ಟಾ ಬರೆಯೋಕೆ ತಲೆ ಕೆಡಿಸ್ಕೋಬೇಡಿ. ಟ್ರೇಸಿಂಗ್ ಪೇಪರ್ ಮೇಲೆ ಮೃದು ಪೆನ್ಸಿಲ್‌ನಿಂದ ನೇರವಾಗಿಯೇ ಬರೀರಿ, 4ಬಿ ಅಥವಾ 6ಬಿ. ಆ ಕಾಗದವನ್ನ ಬೋರಲು ಹಾಕಿ ರಬ್ಬರ್ ಮೇಲೆ ಇಟ್ಟು ಉಗುರಿನಿಂದ ಉಜ್ಜಿ. ಪೆನ್ಸಿಲ್ ಗುರುತು ರಬ್ಬರಿಗೆ ಇಳಿಯುತ್ತೆ, ತಾನೇ ಉಲ್ಟಾ ಆಗಿರುತ್ತೆ. ಒತ್ತಿದಾಗ ಸುಲ್ಟಾ. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಕನ್ನಡಿ ಮುಂದೆ ಕೂತು ಕೆತ್ತಿದ್ದೆ, ರೂಮ್‌ಮೇಟ್ ಇವತ್ತಿಗೂ ನಗ್ತಾಳೆ.

ಉಲ್ಟಾ ಅಂದಾಗ ಒಂದು ವಿಷಯ ನೆನಪಾಯ್ತು. ನಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಶಾಸನ ಇರೋದು ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ಆದ್ರೆ ಬರೆದವನು, ಅವನ ಹೆಸರು ಚಪಡ, ಕೊನೆಯಲ್ಲಿ ತಾನು ಲಿಪಿಕಾರ ಅನ್ನೋ ಪದವನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಓದೋದು ಬಲದಿಂದ ಎಡಕ್ಕೆ. ವಾಯವ್ಯ ಗಡಿಯ ಕಡೆ ನಡೀತಿದ್ದ ಲಿಪಿ ಅದು, ಇಲ್ಲಿ ಯಾರಿಗೂ ಓದೋಕೆ ಬರ್ತಿರಲಿಲ್ಲ ಅನ್ಸುತ್ತೆ. ಆದ್ರೂ ಬರೆದ. ನಾನು ಕೂಡ ಕಾರ್ಡಿನ ಹಿಂದೆ ಸಣ್ಣದಾಗಿ ನನ್ನ ಇನಿಷಿಯಲ್ ಉಲ್ಟಾ ಹಾಕ್ತೀನಿ ಈಗ.

ಮತ್ತೆ ಅಚ್ಚಿಗೆ ಬರೋಣ. ಅಜ್ಜಿಯ ‘ಮ’ ಯಾಕೆ ಮುರೀತು? ‘ವ’ ಮತ್ತು ‘ಮ’ ಪಕ್ಕಪಕ್ಕ ಬರೆದು ನೋಡಿ. ವ ಬರೆದು ಬಲಗಡೆ ಒಂದು ಬಾಲ ಮೇಲಕ್ಕೆ ಎಳೆದ್ರೆ ಮ. ಅದಕ್ಕೇ ‘ವು’ ಬರೆಯುವಾಗ ಕೊಂಬನ್ನ ಸ್ವಲ್ಪ ಕೆಳಗೆ ಹಾಕೋದು, ಇಲ್ಲಾಂದ್ರೆ ಮ ಆಗಿಬಿಡುತ್ತೆ. ರಬ್ಬರ್‌ನಲ್ಲಿ ಆ ಬಾಲ ಒಂದು ತೆಳು ಗೋಡೆ. ಬುಡ ಮಾತ್ರ ಹಿಡಿದುಕೊಂಡಿರುತ್ತೆ, ತುದಿ ಗಾಳಿಯಲ್ಲಿ. ಮೆಕ್ಯಾನಿಕಲ್‌ನವರು ಕ್ಯಾಂಟಿಲಿವರ್ ಅಂತ ಈಗಾಗಲೇ ಕೂಗಿರ್ತೀರಿ. ಗೋಡೆಯ ದಪ್ಪ ಅರ್ಧ ಆದ್ರೆ ಬಾಗುವಿಕೆಗೆ ಅದು ಕೊಡೋ ಪ್ರತಿರೋಧ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ, ದಪ್ಪದ ಘನಕ್ಕೆ ಹೊಂದಿಕೊಂಡಿರೋದ್ರಿಂದ. ನಾನು ಚೆಂದ ಕಾಣಲಿ ಅಂತ ಬಾಲವನ್ನ ಒಂದು ಮಿಲಿಮೀಟರ್‌ಗಿಂತ ತೆಳು ಮಾಡಿದ್ದೆ. ಅದಕ್ಕಿಂತ ದೊಡ್ಡ ತಪ್ಪು, ಬ್ಲೇಡನ್ನ ಒಳಮುಖವಾಗಿ ಓರೆ ಹಿಡಿದಿದ್ದೆ. ಗೋಡೆಯ ಬುಡವೇ ಸವೆದು ಹೋಗಿ ಮೇಲ್ಭಾಗ ಕೊಡೆ ಹಾಗೆ ಚಾಚಿಕೊಂಡಿತ್ತು. ನಾಲ್ಕನೇ ಸಲ ಒತ್ತುವಾಗ ಕಿತ್ತುಹೋಯ್ತು, ನಾನು ನೋಡಲೇ ಇಲ್ಲ.

ಬ್ಲೇಡ್ ಯಾವಾಗಲೂ ಅಕ್ಷರದಿಂದ ಹೊರಕ್ಕೆ ಇಳಿಜಾರಾಗಿ ಹೋಗಬೇಕು. ಬೆಟ್ಟದ ಹಾಗೆ, ಮೇಲೆ ಕಿರಿದು ಕೆಳಗೆ ಅಗಲ. ಗೆರೆ ಒಂದೂವರೆ ಎರಡು ಮಿಲಿಮೀಟರ್ ಇರಲಿ. ಚೂಪು ಮೂಲೆ ಕೆತ್ತುವಾಗ ಬ್ಲೇಡ್ ತಿರುಗಿಸಬೇಡಿ, ಬ್ಲೇಡ್ ನಿಲ್ಲಿಸಿ ರಬ್ಬರನ್ನ ತಿರುಗಿಸಿ. ಕನ್ನಡಕ್ಕೆ ಇದು ಇನ್ನೂ ಜಾಸ್ತಿ ಬೇಕು, ಯಾಕೆಂದ್ರೆ ನಮ್ಮಲ್ಲಿ ನೇರ ಗೆರೆಯೇ ಕಮ್ಮಿ, ಎಲ್ಲಾ ದುಂಡು. ಕೆತ್ತಿದ ರಬ್ಬರನ್ನ ಪ್ಲಾಸ್ಟಿಕ್ ಡಬ್ಬಿಗೆ ಹಾಗೇ ಹಾಕಿ ಇಡಬೇಡಿ, ತಿಂಗಳಾದ್ರೆ ಅಂಟಿಕೊಳ್ಳುತ್ತೆ. ಕಾಗದದಲ್ಲಿ ಸುತ್ತಿ ಇಡಿ.

ಇಂಗ್ಲಿಷ್ ಅಕ್ಷರದ ಸ್ಟ್ಯಾಂಪ್ ಸೆಟ್ ಆನ್‌ಲೈನ್‌ನಲ್ಲಿ ರಾಶಿ ಸಿಗುತ್ತೆ, ಕನ್ನಡದ್ದು ಹುಡುಕಿದ್ರೆ ಕೈಗೆ ಸಿಗೋದು ಕಷ್ಟ. ಯಾಕೆ ಅಂತ ಲೆಕ್ಕ ಹಾಕಿದೆ. ಇಂಗ್ಲಿಷಿಗೆ 26 ತುಂಡು. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ 13 ಸ್ವರ ಮತ್ತು 2 ಯೋಗವಾಹ ಸೇರಿದ್ರೆ 510 ಗುಣಿತಾಕ್ಷರ. ಅದರ ಮೇಲೆ 34 ಒತ್ತು. ಹಳೇ ಪ್ರೆಸ್‌ಗಳಲ್ಲಿ ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಸ್ತಕ ಮಾಡ್ತಿದ್ದವರನ್ನ ನೆನೆಸಿಕೊಂಡ್ರೆ ಕೈ ಮುಗಿಬೇಕು ಅನ್ಸುತ್ತೆ. ನಾನು ಬುದ್ಧಿವಂತಿಕೆ ಮಾಡಿ, ಅಕ್ಷರದ ದೇಹ ಬೇರೆ, ಕೊಂಬು ಬೇರೆ, ದೀರ್ಘ ಬೇರೆ ಕೆತ್ತಿ ಜೋಡಿಸೋಣ ಅಂತ ಹೊರಟೆ. ‘ಯುಗಾದಿ ಶುಭಾಶಯ’ ಅನ್ನೋದಕ್ಕೆ ಏಳು ಅಕ್ಷರ. ನನ್ನ ವಿಧಾನದಲ್ಲಿ ಯ, ಗ, ದಿ, ಶ, ಭ, ಒಂದು ಕೊಂಬು, ಒಂದು ದೀರ್ಘ. ಎಣಿಸಿದೆ, ಅದೂ ಏಳೇ. ಉಳಿತಾಯ ಸೊನ್ನೆ! ಮೇಲಾಗಿ ಒಂದೊಂದೂ ಒಂದೊಂದು ಎತ್ತರದಲ್ಲಿ ಕೂತು ಸಾಲು ಕುಡಿದವರ ಹಾಗೆ ತೂರಾಡ್ತಿತ್ತು. ನನ್ನ ಸಲಹೆ: ಪದ ಪೂರ್ತಿ ಒಂದೇ ತುಂಡಿನಲ್ಲಿ ಕೆತ್ತಿ. ಒತ್ತಕ್ಷರಕ್ಕೆ ಕೆಳಗಡೆ ಅರ್ಧ ಅಂತಸ್ತು ಜಾಗ ಬಿಡಿ. ‘ಮ್ಮ’ ತರದ್ದು ಪದೇ ಪದೇ ಬರುತ್ತೆ, ಅದೊಂದನ್ನ ಮಾತ್ರ ಬೇರೆ ಮಾಡಿಟ್ಟುಕೊಳ್ಳಬಹುದು.

ಶಾಯಿ ವಿಷಯ ಸ್ವಲ್ಪದರಲ್ಲಿ ಹೇಳ್ತೀನಿ. ಎರಡು ತರ ಇದೆ. ಬಣ್ಣ ಪೂರ್ತಿ ಕರಗಿರೋ ಡೈ ಶಾಯಿ ಕಾಗದದೊಳಗೆ ಇಳಿಯುತ್ತೆ, ಬೇಗ ಒಣಗುತ್ತೆ, ಬಿಸಿಲಿಗೆ ಬೇಗ ಮಾಸುತ್ತೆ. ಬಣ್ಣದ ಪುಡಿ ತೇಲ್ತಿರೋ ಪಿಗ್ಮೆಂಟ್ ಶಾಯಿ ಕಾಗದದ ಮೇಲೇ ಕೂರುತ್ತೆ, ನಿಧಾನ ಒಣಗುತ್ತೆ, ಬಾಳಿಕೆ ಜಾಸ್ತಿ. ಮಿಂಚೋ ಕಾಗದದ ಮೇಲೆ ಆಫೀಸ್ ಸ್ಟ್ಯಾಂಪ್ ಪ್ಯಾಡ್ ಬಳಸಬೇಡಿ, ಇಳಿಯೋಕೆ ಜಾಗ ಇಲ್ಲದೆ ಮರುದಿನವೂ ಕೈಗೆ ಅಂಟುತ್ತೆ. ಪೋಸ್ಟರ್ ಕಲರನ್ನ ಸ್ಪಂಜಿನ ಮೇಲೆ ತೆಳ್ಳಗೆ ಹಚ್ಚಿ ಅಚ್ಚನ್ನ ಅದಕ್ಕೆ ತಟ್ಟಿದ್ರೂ ಆಗುತ್ತೆ. ಒತ್ತಬೇಡಿ, ತಟ್ಟಿ. ಎರಡು ಬಣ್ಣ ಇದ್ರೆ ತಿಳಿ ಬಣ್ಣ ಮೊದಲು, ಹಳದಿ ಆದ ಮೇಲೆ ಕೆಂಪು.

ಬೇಸಿಗೆ ರಜೆಗೆ ಊರಿಗೆ ಹೋದಾಗ ಇದೆಲ್ಲ ಬ್ಯಾಗಲ್ಲಿ ಹಾಕ್ಕೊಂಡು ಹೋದೆ. ಹೊಸ ರಬ್ಬರ್ ಕೆತ್ತಿದೆ, ಮ ಗಟ್ಟಿ ಇತ್ತು. ಅಜ್ಜಿ ಪಕ್ಕದಲ್ಲೇ ಕೂತು ನೋಡ್ತಿದ್ದಳು. ನೇರಳೆ ಪ್ಯಾಡ್ ತೆಗೆದು ‘ಅಜ್ಜಿ, ನೀನೇ ಒತ್ತು’ ಅಂತ ಕೊಟ್ಟೆ. ಅವಳು ಕೈ ಹಿಂದಕ್ಕೆ ಎಳ್ಕೊಂಡಳು.

‘ಆ ಮಸಿ ಬ್ಯಾಡ.’

ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, ‘ನಮ್ಮಪ್ಪನ ಹೊಲ ಹೋದಾಗ ಇದ್ರಾಗೇ ನನ್ನ ಹೆಬ್ಬೆಟ್ಟು ಒತ್ತಿಸ್ಕಂಡಿದ್ರು. ಏನು ಬರದೈತೆ ಅಂತ ಓದಿ ಹೇಳಿದೋರು ಯಾರೂ ಇಲ್ಲ. ಅದಕ್ಕೇ ನಾನು ರಾತ್ರಿ ಸಾಲೆಗೆ ಹೋಗಿದ್ದು.’

ಈ ಮಾತು ನಾನು ಅಲ್ಲಿತನಕ ಕೇಳಿರಲಿಲ್ಲ. ನಮ್ಮಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ. ಹೆಸರಿನಲ್ಲಿ ಒಂದು ಬಾಲ ಇಲ್ಲದಿದ್ದನ್ನ ಅವಳು ಅಷ್ಟು ಬೇಗ ಹೇಗೆ ಕಂಡುಹಿಡಿದಳು ಅಂತ ನನಗೆ ಆಗ ಅರ್ಥ ಆಯ್ತು. ಪ್ಯಾಡನ್ನ ಬ್ಯಾಗಿನೊಳಗೆ ಹಾಕಿದೆ.

ಬೇರೆ ಶಾಯಿ ನನ್ನ ಹತ್ರ ಇರಲಿಲ್ಲ. ಅಜ್ಜಿಯೇ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ‘ಆರತಿ ನೀರು ಹೆಂಗೆ ಮಾಡ್ತಾರೆ?’ ಅಂತ ಕೇಳಿದಳು. ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಂಡಿಕೇಟರ್ ಅಂತ ಒಂದು ಸೆಮ್ ಪೂರ್ತಿ ಬರೆದ ನನಗೆ ಇದು ಹೊಳೆದಿರಲಿಲ್ಲ!

ನಾವು ಮಾಡಿದ್ದು ಹೀಗೆ, ನೀವೂ ಮಾಡಬಹುದು. ಮಿಂಚು ಇಲ್ಲದ ದಪ್ಪ ಬಿಳಿ ಕಾಗದ ತಗೊಳ್ಳಿ. ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್, ಅದು ನೀರಿನಲ್ಲಿ ಸರಿಯಾಗಿ ಕರಗಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಅದಕ್ಕೆ ಒಂದು ಚಮಚ ಅರಿಶಿನಕ್ಕೆ ನೀರಿನಂತಿರೋ ಸ್ಯಾನಿಟೈಸರ್ ಹಾಕಿ ಕಲಸಿ, ಐದು ನಿಮಿಷ ಬಿಟ್ಟು ಮೇಲಿನ ತಿಳಿಯನ್ನ ಮಾತ್ರ ಬ್ರಷ್‌ನಿಂದ ಕಾಗದಕ್ಕೆ ಬಳೀರಿ. ಒಲೆ, ದೀಪ ಹತ್ರ ಇರಬಾರದು. ನೆರಳಲ್ಲಿ ಒಣಗಿಸಿ. ಎಲೆಗೆ ಹಚ್ಚೋ ಸುಣ್ಣವನ್ನ ಚೂರು ನೀರಿಗೆ ಹಾಕಿ ತೆಳು ಮಜ್ಜಿಗೆ ಹದಕ್ಕೆ ಮಾಡಿ, ಸ್ಪಂಜಿಗೆ ಸುರಿದು ಅಚ್ಚನ್ನ ತಟ್ಟಿ, ಹಳದಿ ಕಾಗದದ ಮೇಲೆ ಒತ್ತಿ ಎತ್ತಿ. ಬಿಳಿ ಸುಣ್ಣ ಹೋಗಿ ಕೆಂಪು ಅಕ್ಷರ ಬರುತ್ತೆ, ಕಣ್ಣೆದುರಿಗೇ. ಸುಣ್ಣ ಕಣ್ಣಿಗೆ ಹಾರಬಾರದು, ಜೋಪಾನ. ಕೈ ತೊಳ್ಕೊಳ್ಳಿ.

ಕುಂಕುಮವನ್ನೂ ಹಿಂದಿನಿಂದ ಅರಿಶಿನಕ್ಕೆ ಸುಣ್ಣ ಸೇರಿಸಿಯೇ ಮಾಡ್ತಿದ್ದರು. ಹಳದಿ ಕೆಂಪು, ನಮ್ಮ ಬಾವುಟದ ಬಣ್ಣ ಕೂಡ ಆಯ್ತಲ್ಲ, ನವೆಂಬರ್‌ಗೆ ಕ್ಲಬ್ ಸ್ಟಾಲ್‌ನಲ್ಲಿ ಇದನ್ನೇ ಮಾಡೋಣ ಅಂತ ನನ್ನ ಆಸೆ.

ಒಂದು ದೋಷ ಹೇಳಲೇಬೇಕು. ಈ ಕೆಂಪು ಶಾಶ್ವತ ಅಲ್ಲ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣದಕಲ್ಲೇ ಆಗಿಬಿಡುತ್ತೆ, ಕ್ಷಾರ ಕಮ್ಮಿ ಆಗುತ್ತೆ, ಕೆಂಪು ಕಂದಾಗುತ್ತಾ ಬರುತ್ತೆ. ಬಿಸಿಲಲ್ಲಿಟ್ಟರೆ ಹಳದಿಯೂ ಮಾಸುತ್ತೆ. ಶಾಶ್ವತವಾಗಿ ಇರಬೇಕಾದ್ರೆ ಪಿಗ್ಮೆಂಟ್ ಶಾಯಿಯೇ ಗತಿ.

ಬೇವಿನ ಎಲೆಯನ್ನೇ ಅಚ್ಚು ಮಾಡಬಹುದು. ಎಲೆಯ ಹಿಂಬದಿಗೆ ಬಣ್ಣ ತಟ್ಟಿ, ಯಾಕಂದ್ರೆ ನರ ಉಬ್ಬಿರೋದು ಆ ಕಡೆ. ಮೇಲೆ ಒಂದು ಹಾಳೆ ಇಟ್ಟು ಬೆರಳಿಂದ ಸವರಿ. ನಮ್ಮ ಕಾರ್ಡಿನ ಅಂಚು ಪೂರ್ತಿ ಅದೇ.

ಇನ್ನು ಡೈ ಕಟ್, ಅಂದ್ರೆ ಕಾಗದವನ್ನ ಒಂದು ಆಕಾರಕ್ಕೆ ಒಂದೇ ಏಟಿಗೆ ಕತ್ತರಿಸೋದು. ಮನೆಯಲ್ಲಿ ಬಳಸೋ ಸಣ್ಣ ಮಷೀನ್ ಬರುತ್ತೆ, ನಮ್ಮ ಪಾಕೆಟ್ ಮನಿಗೆ ದೂರದ ಮಾತು. ಆದ್ರೆ ಮದುವೆ ಕಾರ್ಡ್ ಮಾಡೋ ಪ್ರೆಸ್‌ಗೆ ಹೋಗಿ ನೋಡಿ. ಚಳ್ಳಕೆರೆಯಲ್ಲಿ ಒಂದು ಕಡೆ ಕೇಳಿದಾಗ ಪ್ರೆಸ್ಸಿನ ಅಣ್ಣ ಮೂಲೆಯಲ್ಲಿದ್ದ ಹಳೇ ಟ್ರೆಡಲ್ ಮಷೀನ್ ತೋರಿಸಿದ್ರು. ಅದರಲ್ಲಿ ಈಗ ಮುದ್ರಣ ಇಲ್ಲ, ಪಂಚಿಂಗ್ ಮಾತ್ರ. ಪ್ಲೈವುಡ್‌ನಲ್ಲಿ ಸೀಳು ಮಾಡಿ, ಚೂಪು ಉಕ್ಕಿನ ಪಟ್ಟಿಯನ್ನ ಬೇಕಾದ ಆಕಾರಕ್ಕೆ ಬಗ್ಗಿಸಿ ಅದರಲ್ಲಿ ಕೂರಿಸಿರ್ತಾರೆ, ಅದೇ ಡೈ. ಪಟ್ಟಿಯ ಎರಡೂ ಬದಿಗೆ ಸ್ಪಂಜ್ ತುಂಡು ಅಂಟಿಸಿರ್ತಾರೆ, ಕತ್ತರಿಸಿದ ಮೇಲೆ ಕಾಗದವನ್ನ ಹಿಂದಕ್ಕೆ ತಳ್ಳೋಕೆ. ಮೊಂಡು ಪಟ್ಟಿ ಹಾಕಿದ ಕಡೆ ಕತ್ತರಿಸಲ್ಲ, ಮಡಿಕೆ ಗೆರೆ ಬೀಳುತ್ತೆ. ನಾನು ಬಾಲ್ ಪೆನ್ನಲ್ಲಿ ಮಾಡಿದ ಕೆಲಸ. ಚೂಪು ಪಟ್ಟಿಯಲ್ಲಿ ಅಲ್ಲಲ್ಲಿ ಸಣ್ಣ ಕಚ್ಚು ಇರುತ್ತೆ, ಅಲ್ಲಿ ಕಾಗದ ಕೂದಲೆಳೆಯಷ್ಟು ಉಳಿದು ತುಂಡು ಉದುರದೆ ನಿಲ್ಲುತ್ತೆ. ಆ ಅಣ್ಣ ಯಾರದೋ ಮದುವೆಯ ಮಾವಿನಕಾಯಿ ಆಕಾರದ ಡೈ ಹಾಕಿ ನನ್ನ ಹತ್ತು ಕಾರ್ಡಿಗೆ ಕಿಟಕಿ ಹೊಡೆದುಕೊಟ್ರು, ದುಡ್ಡು ತಗೊಳ್ಳಲಿಲ್ಲ.

ಕೈಯಲ್ಲಿ ಕತ್ತರಿಸೋದಾದ್ರೂ ಆ ಕಚ್ಚಿನ ಪಾಠ ನೆನಪಿರಲಿ, ಅದರಲ್ಲೂ ಕನ್ನಡ ಅಕ್ಷರವನ್ನ ಕಿಟಕಿ ತರ ಕೊರೆಯುವಾಗ. ‘ರ’ ಕೊರೆದ್ರೆ ನಡುವಿನ ಬಿಲ್ಲೆ ಬಿದ್ದುಹೋಗುತ್ತೆ. ಸೊನ್ನೆಯದ್ದೂ ಹಾಗೇ. ‘ಠ’ ಕೊರೆದ್ರೆ ಬಿಲ್ಲೆಯ ಜೊತೆ ಅದರೊಳಗಿನ ಚುಕ್ಕಿಯೂ ಹೋಗಿ ಬರೀ ತೂತು ಉಳಿಯುತ್ತೆ. ಒಳಗಿನ ಬಿಲ್ಲೆಯನ್ನ ಹೊರಗಿನ ಕಾಗದಕ್ಕೆ ಹಿಡಿದಿಡೋಕೆ ಎರಡು ಸಣ್ಣ ಸೇತುವೆ ಬಿಟ್ಟು ಕೊರೀರಿ, ಎದುರುಬದುರು.

ಅಜ್ಜಿಯ ಎರಡನೇ ಕಾರ್ಡಿನ ಮುಂದೆ ಮಾವಿನಕಾಯಿ ಕಿಟಕಿ, ಒಳಗಿನ ಹಳದಿ ಹಾಳೆಯಲ್ಲಿ ಅವಳ ಹೆಸರು. ಅಚ್ಚು ನಾನು ಹಿಡಿದಿರಲಿಲ್ಲ, ಅವಳೇ ಒತ್ತಿದಳು. ಎತ್ತಿ ನೋಡಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೊನೆಗೆ ಬಂದು, ‘ಹ್ಞೂಂ, ಇದು ನಂದು’ ಅಂದಳು. ಕಾರ್ಡನ್ನ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾಳೆ, ಬಿಸಿಲು ಬೀಳದ ಕಡೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದ್ರೆ ಪಡಸಾಲೆಯಲ್ಲಿ ಅಕ್ಕಪಕ್ಕದ ಮನೆಯ ಐದು ಜನ ಅಜ್ಜಿಯರು ಕೂತಿದ್ರು. ‘ಇವರಿಗೂ ಒಂದೊಂದು ಮಾಡ್ಕೊಡು. ಎಲ್ರುದೂ ಕೊನೇಗೆ ಮ್ಮ ಐತೆ, ಅರ್ಧ ಕೆಲ್ಸ ಆಗೈತೆ ನಿಂದು’ ಅಂದಳು ಅಜ್ಜಿ. ಹೌದಲ್ಲ ಅನ್ನಿಸ್ತು. ಅವಳ ಅಚ್ಚಿನಿಂದ ‘ಮ್ಮ’ವನ್ನ ಕುಯ್ದು ಬೇರೆ ಮಾಡಿದೆ. ಆ ರಜೆಯಲ್ಲಿ ಅದೊಂದು ತುಂಡು ಹನ್ನೊಂದು ಹೆಸರಿನ ಕೊನೆಗೆ ಕೂತಿತು. ಈಗ ನನ್ನ ಜಾಮಿಟ್ರಿ ಬಾಕ್ಸಿನಲ್ಲಿದೆ, ಕಾಗದದಲ್ಲಿ ಸುತ್ತಿ. ಬೇಕಾದವರು ಕ್ಲಬ್ ರೂಮಿಗೆ ಬನ್ನಿ, ರಬ್ಬರ್ ನೀವೇ ತನ್ನಿ.